ಅಕ್ಕಿ ಡಬ್ಬದ ಸದ್ದು

ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಅಡುಗೆ ಕೋಣೆಯಿಂದ ಒಂದು ಸದ್ದು ಬರುತ್ತಿತ್ತು. ತಗಡಿನ ಡಬ್ಬದ ಮುಚ್ಚಳ ತೆಗೆದು ಮುಚ್ಚುವ ಸದ್ದು. ಇಲಿ ಇರಬೇಕೆಂದು ಎರಡು ಮೂರು ದಿನ ಸುಮ್ಮನಿದ್ದೆ. ಒಂದು ರಾತ್ರಿ ಎದ್ದು ಹೋಗಿ ನೋಡಿದರೆ, ನನ್ನ ಹೆಂಡತಿ ಅಕ್ಕಿ ಡಬ್ಬದ ಮುಂದೆ ನಿಂತು ಹಸಿ ಅಕ್ಕಿ ಜಗಿಯುತ್ತಿದ್ದಳು.

"ಓಹೋ, ನಮ್ಮ ಮದುವೆಯ ದಿನ ಮಳೆ ಸುರಿದದ್ದು ಇದಕ್ಕೇನಾ?" ಎಂದು ನಕ್ಕೆ. ಅವಳೂ ನಕ್ಕಳು. "ಏನೋ ಆಸೆಯಾಗುತ್ತದೆ, ತಡೆಯಲಾಗುವುದಿಲ್ಲ" ಎಂದಳು. ಆಗ ಅವಳಿಗೆ ಐದನೇ ತಿಂಗಳು. ಬಸುರಿಯ ಬಯಕೆ ಇರಬೇಕೆಂದು ನಾನು ಬಂದು ಮಲಗಿಬಿಟ್ಟೆ.

ನಾನು ಮಂಗಳೂರಿನ ಬಂದರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ. ಮದುವೆಯಾಗಿ ನಾಲ್ಕು ವರ್ಷ. ಒಂದು ಹೆಣ್ಣು ಮಗು. ಮನೆಯಲ್ಲಿ ಉಮ್ಮ, ಉಪ್ಪ ಮತ್ತು ತಮ್ಮ ಇದ್ದಾರೆ. ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬ ಸಮಾಧಾನ ನನಗಿತ್ತು. ಗದರುವುದಿಲ್ಲ, ಬಟ್ಟೆಬರೆಗೆ ಕೊರತೆ ಮಾಡುವುದಿಲ್ಲ, ತಿಂಗಳಿಗೊಮ್ಮೆ ತವರಿಗೆ ಕಳುಹಿಸುತ್ತೇನೆ. ಇನ್ನೇನು ಬೇಕು ಎಂದುಕೊಂಡಿದ್ದೆ.

ಚೀಟಿಯಲ್ಲಿದ್ದ ಸಂಖ್ಯೆ

ಮರುವಾರ ತಪಾಸಣೆಗೆ ಉಮ್ಮನ ಬದಲು ನಾನೇ ಜೊತೆಗೆ ಹೋದೆ. ಉಮ್ಮನಿಗೆ ಅಂದು ಮಂಡಿನೋವು, ಅದಕ್ಕಾಗಿ ಅಷ್ಟೇ. ವೈದ್ಯೆ ಅವಳ ಕಣ್ಣಿನ ಕೆಳ ರೆಪ್ಪೆಯನ್ನು ಎಳೆದು ನೋಡಿದರು, ಅಂಗೈ ನೋಡಿದರು. ಆಮೇಲೆ, "ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಐಸ್ ಇಂಥದ್ದೇನಾದರೂ ತಿನ್ನಬೇಕು ಅನಿಸುತ್ತದಾ?" ಎಂದು ಕೇಳಿದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಹೀಗೆ ಆಹಾರವಲ್ಲದ್ದನ್ನೋ ಹಸಿ ಧಾನ್ಯವನ್ನೋ ತಿನ್ನುವ ಬಯಕೆ ಹುಟ್ಟುವುದುಂಟಂತೆ. ರಕ್ತ ಪರೀಕ್ಷೆಯ ಚೀಟಿ ಬಂದಾಗ ಅದರಲ್ಲಿ ಹಿಮೋಗ್ಲೋಬಿನ್ 8.1 ಎಂದಿತ್ತು. ಗರ್ಭಿಣಿಗೆ ಅದು 11ಕ್ಕಿಂತ ಕೆಳಗಿಳಿಯಬಾರದು. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ, ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು.

"ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಆರೋಗ್ಯವಂತೆ ಅದನ್ನು ತಡೆದುಕೊಳ್ಳುತ್ತಾಳೆ. ಇರುವುದೇ ಇಷ್ಟಾದರೆ ತಡೆದುಕೊಳ್ಳುವುದು ಹೇಗೆ?" ಎಂದು ವೈದ್ಯೆ ನನ್ನನ್ನೇ ಕೇಳಿದರು. ಅಂಗಡಿಯ ಮೂರು ವರ್ಷದ ಬಾಕಿ ಬಾಯಿಪಾಠವಿರುವ ನನ್ನ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಒಂದೊಂದೇ ನೆನಪಾಯಿತು. ಬಾವಿಕಟ್ಟೆಯಿಂದ ಮನೆ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಲ್ಲುತ್ತಿದ್ದಳು. ನಿಧಾನಿ ಎಂದು ನಾನು ಛೇಡಿಸುತ್ತಿದ್ದೆ. ಮಗ್ರಿಬ್ ಆದೊಡನೆ ಮಗುವಿನ ಪಕ್ಕ ನಿದ್ದೆ ಹೋಗುತ್ತಿದ್ದಳು. ನಮಾಝಿಗೆ ಎದ್ದು ನಿಂತಾಗ ಗೋಡೆ ಹಿಡಿಯುತ್ತಿದ್ದಳು. ತಲೆನೋವೆಂದರೆ ಮುಲಾಮು ಹಚ್ಚಿಕೋ ಎನ್ನುತ್ತಿದ್ದೆ. ಎಲ್ಲವೂ ನನ್ನ ಕಣ್ಣೆದುರೇ ನಡೆದಿತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇದೆ. ಅಂದರೆ ಇದು ನಮ್ಮ ಮನೆಯೊಂದರ ಸಂಗತಿಯಲ್ಲ. ಎಷ್ಟೋ ಮನೆಗಳಲ್ಲಿ ಯಾರೋ ಒಬ್ಬಳು ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾಳೆ.

ಕೊನೆಯಲ್ಲಿ ಉಣ್ಣುವವರು

"ಹೊಟ್ಟೆ ತುಂಬ ತಿನ್ನು" ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಆ ರಾತ್ರಿ ಏನನ್ನಿಸಿತೋ, ಎಲ್ಲರೊಂದಿಗೆ ಊಟಕ್ಕೆ ಕೂರದೆ ಕಾದೆ. ನಮ್ಮಲ್ಲಿ ಗಂಡಸರ ಊಟ ಮೊದಲು. ಅದಾದ ಮೇಲೆ ಮಗುವಿಗೆ ಉಣಿಸುವುದು. ಆಮೇಲೆ ಉಮ್ಮ ಮತ್ತು ಅವಳು. ಯಾರೂ ಮಾಡಿದ ಕಾನೂನಲ್ಲ, ನಡೆದು ಬಂದದ್ದು.

ಹತ್ತು ಗಂಟೆಗೆ ಅವರ ಜೊತೆ ಕುಳಿತಾಗ ಪಾತ್ರೆಯಲ್ಲಿ ಕುಚ್ಚಲಕ್ಕಿ ಅನ್ನ ಬೇಕಾದಷ್ಟಿತ್ತು. ಮೀನಿನ ಸಾರು ಇತ್ತು. ಸಾರಿನಲ್ಲಿ ಬಂಗುಡೆಯ ಎರಡು ತಲೆ, ಒಂದು ಬಾಲ. ಪಲ್ಯದ ಪಾತ್ರೆ ಖಾಲಿ. ಬೆಳಿಗ್ಗೆ ಮೀನು ತಂದವನು ನಾನೇ, ಎಣಿಸಿ ಎಂಟು ಬಂಗುಡೆ. ಆ ಎಂಟರಲ್ಲಿ ಹೊಟ್ಟೆಯಲ್ಲಿ ಮಗುವಿರುವವಳ ಪಾಲಿಗೆ ಬಂದದ್ದು ಒಂದು ತಲೆ.

"ದಿನಾ ಹೀಗೇನಾ?" ಎಂದೆ.

"ಇಲ್ಲ, ಕೆಲವೊಮ್ಮೆ ಉಳಿದಿರುತ್ತದೆ" ಎಂದಳು. ಉಮ್ಮ, "ಹೆಂಗಸರಿಗೆ ಸಾರು ಸಾಕಪ್ಪಾ" ಎಂದರು. ಅದರಲ್ಲಿ ದೂರು ಇರಲಿಲ್ಲ. ನನಗೆ ತುತ್ತು ಇಳಿಯಲಿಲ್ಲ.

ಮರುದಿನ ನಾನೇ ಮಾತೆತ್ತಿದೆ: ಇನ್ನು ಮುಂದೆ ಎಲ್ಲರೂ ಒಟ್ಟಿಗೆ ಕೂರೋಣ, ಅದಾಗದಿದ್ದರೆ ಅವರಿಬ್ಬರ ಪಾಲನ್ನು ಮೊದಲೇ ತೆಗೆದಿಡೋಣ. ಉಮ್ಮನಿಗೆ ಸಂಕೋಚ. "ಹೊಸ ಪದ್ಧತಿ" ಎಂದು ಗೊಣಗಿದರು. ಉಪ್ಪ ಏನೂ ಹೇಳಲಿಲ್ಲ. ಆದರೆ ರಾತ್ರಿ ಊಟಕ್ಕೆ ಕರೆದಾಗ ಕೈ ತೊಳೆದು ಬಂದು ಕುಳಿತು, "ಅವರೂ ಬರಲಿ" ಎಂದರು. ಅಷ್ಟೇ. ಅಂದಿನಿಂದ ಒಂದೇ ಸುಪ್ರ.

ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ)ರು ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು. ಪ್ರವಚನಗಳಲ್ಲಿ ಇದನ್ನು ಕೇಳಿ ನಾನು ಎಷ್ಟೋ ಸಲ ಸುಬ್‌ಹಾನಲ್ಲಾಹ್ ಎಂದಿದ್ದೇನೆ. ಆದರೆ ಕೇಳಿ ಮನೆಗೆ ಬಂದು ನೀರಿನ ಕೊಡವನ್ನು ಎತ್ತಿರಲಿಲ್ಲ.

ಬೀರುವಿನಲ್ಲಿದ್ದ ಮಾತ್ರೆಗಳು

ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು ಬೀರುವಿನಲ್ಲಿ ಹಾಗೆಯೇ ಇದ್ದವು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅವಳು ಹೆದರಿದ್ದಳು. ಅದನ್ನು ತಿಂದರೆ ಮಗು ಕಪ್ಪಾಗುತ್ತದೆ ಎಂದು ನೆರೆಮನೆಯವರು ಬೇರೆ ಹೇಳಿದ್ದರು. ತಿಂದ ದಿನಗಳಲ್ಲೂ ಬೆಳಗಿನ ಚಹಾದ ಜೊತೆ ನುಂಗಿದ್ದಳು.

ವೈದ್ಯೆ ಬಿಡಿಸಿ ಹೇಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮಲ ಕಪ್ಪಾಗುವುದು ಮಾತ್ರೆಯ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಹೊಟ್ಟೆ ತೊಳಸಿದರೆ ಮಾತ್ರೆ ಬಿಡಬಾರದು, ಹೊತ್ತು ಬದಲಿಸಬೇಕು. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಮಲಗುವ ಮುಂಚೆ ನುಂಗಿದರೆ ಹಲವರಿಗೆ ತೊಂದರೆ ಕಡಿಮೆ. ಚಹಾ, ಕಾಫಿ, ಹಾಲಿನ ಜೊತೆ ನುಂಗಬಾರದು, ಅವು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ನೀರು ಅಥವಾ ಲಿಂಬೆ ಶರಬತ್ತಿನ ಜೊತೆ ನುಂಗುವುದು ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರೊಂದಿಗೆ ಸೇರಿಸಬಾರದು, ನಡುವೆ ಎರಡು ಗಂಟೆ ಬಿಡಬೇಕು.

2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಂತೆ ಪ್ರತಿ ಗರ್ಭಿಣಿಗೂ ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಈ ಮಾತ್ರೆ ಉಚಿತ. ದಿನಕ್ಕೆ ಒಂದು. ರಕ್ತ ಕಡಿಮೆ ಇದ್ದರೆ ಎಷ್ಟೆಂದು ವೈದ್ಯರೇ ಹೇಳಬೇಕು. ಅವಳಿಗೆ ಎರಡು ಬರೆದರು. ತಿಂಗಳ 9ನೇ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆಯೂ ಇದೆ.

ಇನ್ನೊಂದು ಎಚ್ಚರಿಕೆ. ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆಗಳನ್ನು ಎತ್ತರದಲ್ಲಿಡಬೇಕು. ಮಿಠಾಯಿ ಎಂದು ಮಗು ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ.

ತಟ್ಟೆಯಲ್ಲಿ ಏನಿರಬೇಕು?

ವಿಷಯ ಕೇಳಿದ ಬಂಧುಗಳು ದಾಳಿಂಬೆ, ಬೀಟ್‌ರೂಟ್, ಖರ್ಜೂರ ತಂದರು. ಅವು ಒಳ್ಳೆಯ ಆಹಾರವೇ. ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತ ಹೆಚ್ಚುವುದಿಲ್ಲ. ಖರ್ಜೂರದಲ್ಲೂ ನಾವು ಅಂದುಕೊಂಡಷ್ಟು ಕಬ್ಬಿಣವಿಲ್ಲ. 8ಕ್ಕೆ ಇಳಿದ ರಕ್ತವನ್ನು ದಿನದ ಮೂರು ಖರ್ಜೂರ ಮೇಲೆತ್ತದು. ಮಾತ್ರೆಯ ಜಾಗದಲ್ಲಿ ಅವನ್ನಿಡಬಾರದು.

ಮೀನು, ಮಾಂಸ, ಕೋಳಿಯಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಇವಕ್ಕೆ ಬರವಿಲ್ಲ. ಶುಕ್ರವಾರ ಬಂತೆಂದರೆ ಮಾಂಸದ ಪರಿಮಳ. ತುಂಡು ಯಾರ ತಟ್ಟೆಗೆ ಹೋಗುತ್ತದೆ ಎಂಬುದಷ್ಟೇ ಪ್ರಶ್ನೆ. ಹುರುಳಿ, ಕಡಲೆ, ಹೆಸರುಕಾಳು, ಹರಿವೆ, ನುಗ್ಗೆಸೊಪ್ಪುಗಳಲ್ಲೂ ಕಬ್ಬಿಣವಿದೆ. ಆದರೆ ಇವುಗಳ ಜೊತೆ ಲಿಂಬೆ, ನೆಲ್ಲಿಕಾಯಿ, ಪೇರಳೆಯಂಥ ಹುಳಿಹಣ್ಣು ಬೇಕು. ನಮ್ಮ ಹಿತ್ತಿಲ ನುಗ್ಗೆಮರದ ಸೊಪ್ಪು ಇಷ್ಟು ವರ್ಷ ಉದುರಿ ಹೋಗುತ್ತಿತ್ತು. ಈಗ ಭಾನುವಾರ ಅದನ್ನು ಬಿಡಿಸುವುದು ನನ್ನ ಕೆಲಸ. ಊಟದ ಹಿಂದೆಯೇ ಚಹಾ ಕುಡಿಯುವುದನ್ನು ನಿಲ್ಲಿಸಿದೆವು. ಒಂದು ಗಂಟೆಯಾದರೂ ಕಳೆಯಲಿ. ಇದು ಮಾತ್ರ ನನಗೇ ಬಹಳ ಕಷ್ಟವಾಯಿತು.

ಬರಿಗಾಲು ಮತ್ತು ಸಾಬೂನು

ತಿಂದದ್ದು ಮೈಗೆ ಹತ್ತದಿರಲು ಇನ್ನೊಂದು ಕಾರಣ ಕೊಕ್ಕೆಹುಳ. ಮಲದಿಂದ ಮಣ್ಣಿಗೆ ಸೇರುವ ಇದರ ಮರಿಗಳು ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ನಮ್ಮ ಕರಾವಳಿಯ ಒದ್ದೆ ಮಣ್ಣು, ತೋಟ, ಹಿತ್ತಿಲು ಇವಕ್ಕೆ ಹಿತ. ನನ್ನವಳು ಬಾವಿಕಟ್ಟೆಗೆ, ತೋಟಕ್ಕೆ ಹೋಗುತ್ತಿದ್ದುದು ಬರಿಗಾಲಿನಲ್ಲಿ. ವೈದ್ಯೆ ಜಂತುಹುಳದ ಔಷಧಿ ಕೊಟ್ಟರು. ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಇದನ್ನು ತೆಗೆದುಕೊಳ್ಳಬಾರದು, ಆಮೇಲೂ ವೈದ್ಯರು ಕೊಟ್ಟರೆ ಮಾತ್ರ. ಹಿಂದಿನ ಬಾಗಿಲಲ್ಲಿ ಈಗ ಎಲ್ಲರಿಗೂ ಒಂದೊಂದು ಜೊತೆ ರಬ್ಬರ್ ಚಪ್ಪಲಿ ಇದೆ.

ಶುಚಿತ್ವ ಈಮಾನಿನ ಅರ್ಧ ಭಾಗ ಎಂದು ಮದರಸದಲ್ಲೇ ಕಲಿತವರು ನಾವು. ದಿನಕ್ಕೆ ಐದು ಬಾರಿ ವುಝೂ ಮಾಡುತ್ತೇವೆ. ಆದರೆ ಶೌಚದ ಬಳಿಕ, ಮಗುವನ್ನು ತೊಳೆಸಿದ ಬಳಿಕ ಸಾಬೂನು ಬೇಕೇ ಬೇಕು. ಬರೀ ನೀರಿನಿಂದ ರೋಗಾಣು ಹೋಗದು. ನಮ್ಮ ಬಚ್ಚಲಲ್ಲಿ ಸಾಬೂನು ಇತ್ತು, ಅದನ್ನು ಶೌಚಾಲಯದ ಪಕ್ಕದ ನಲ್ಲಿಯ ಬಳಿ ಇಟ್ಟಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ನಾಲ್ಕು ವರ್ಷ ಬೇಕಾಯಿತು.

ಅಂತರದ ಮಾತು

ಹೇಳಲು ಸಂಕೋಚವಾದರೂ ಇನ್ನೊಂದನ್ನು ಹೇಳಬೇಕು. ಎರಡನೆಯದು ನಿಂತಾಗ ಮೊದಲ ಮಗುವಿಗೆ ಒಂದೂವರೆ ವರ್ಷವೂ ತುಂಬಿರಲಿಲ್ಲ, ಇನ್ನೂ ಎದೆಹಾಲು ಕುಡಿಯುತ್ತಿತ್ತು. ಮೊದಲ ಹೆರಿಗೆಯಲ್ಲಿ ಬರಿದಾದದ್ದು ತುಂಬುವ ಮೊದಲೇ ಮತ್ತೊಂದು ಜೀವದ ಹೊರೆ ಬಿತ್ತು. ಒಂದು ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷದ ಅಂತರವಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೂರ್ಣವಾಗಿ ಹಾಲುಣಿಸುವ ಅವಧಿಯೆಂದು ಕುರ್‌ಆನ್ ಹೇಳುವುದೂ ಎರಡು ವರ್ಷವನ್ನೇ. ಇದರ ಬಗ್ಗೆ ಗಂಡ ಹೆಂಡತಿ ಮಾತಾಡಿಕೊಳ್ಳಬೇಕು, ವೈದ್ಯರಲ್ಲಿ ಕೇಳಬೇಕು. ನಾವು ಮಾತಾಡಿಕೊಂಡಿರಲಿಲ್ಲ.

ಉಮ್ಮನ ಸರದಿ

ನಾಲ್ಕು ವಾರದಲ್ಲಿ 8.1 ಇದ್ದದ್ದು 9.2 ಆಯಿತು. ಎಂಟನೇ ತಿಂಗಳಲ್ಲಿ 10.6. ಈ ನಡುವೆ ರಮಝಾನ್ ಬಂತು. ಉಪವಾಸ ಹಿಡಿದೇ ಹಿಡಿಯುತ್ತೇನೆಂದು ಅವಳ ಹಠ. ಗರ್ಭಿಣಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ ಬೇಡವೆನ್ನಲು ನಾವು ಯಾರು ಎಂದು ಉಮ್ಮನೇ ಒಪ್ಪಿಸಿದರು. ಮಧ್ಯಾಹ್ನ ಅವಳಿಗೆ ಊಟ ಬಡಿಸಿ, ತಿಂದು ಮುಗಿಸುವವರೆಗೆ ಉಪವಾಸವಿದ್ದ ಉಮ್ಮ ಪಕ್ಕದಲ್ಲೇ ಕೂರುತ್ತಿದ್ದರು.

ಹೆರಿಗೆಗೆ ಮುಂಚಿನ ಒಂದು ತಪಾಸಣೆಯ ದಿನ ಉಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. "ನನಗೇನಾಗಿದೆ?" ಎಂದು ಅವರು ಒಪ್ಪಿರಲಿಲ್ಲ. 9.4 ಬಂತು. ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತ ಇಳಿದಿದ್ದರೆ ಬರೀ ಮಾತ್ರೆ ಸಾಲದು, ಕಾರಣ ಹುಡುಕಬೇಕು ಎಂದು ವೈದ್ಯೆ ಬೇರೆ ಪರೀಕ್ಷೆಗಳನ್ನು ಬರೆದರು. ಅಲ್ಲಾಹನ ದಯೆಯಿಂದ ದೊಡ್ಡದೇನೂ ಸಿಗಲಿಲ್ಲ. ಆದರೆ ಮೂವತ್ತು ವರ್ಷ ಆ ಅಡುಗೆ ಕೋಣೆಯಲ್ಲಿ ಕೊನೆಯಲ್ಲಿ ಉಂಡವರು ಅವರು. ಆಯಾಸವನ್ನು ವಯಸ್ಸು ಎಂದುಕೊಂಡಿದ್ದರು. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ಮಗನಿಗೆ ಈಗ ಮೂರು ತಿಂಗಳು, ಅಲ್‌ಹಮ್ದುಲಿಲ್ಲಾಹ್. ಹೆರಿಗೆಯಲ್ಲಿ ತೊಂದರೆಯಾಗಲಿಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ. ರಾತ್ರಿ ಒಂಬತ್ತೂವರೆಗೆ ಎರಡು ಲೋಟ ನೀರು, ಎರಡು ಮಾತ್ರೆ ತೆಗೆದಿಡುವುದು ನನ್ನ ಪಾಲಿನ ಕೆಲಸ. ಒಂದು ಅವಳಿಗೆ, ಒಂದು ಉಮ್ಮನಿಗೆ. ಮರೆತರೆ ಇಬ್ಬರೂ ನೆನಪಿಸುವುದಿಲ್ಲ ಎಂಬುದು ನನಗೆ ಗೊತ್ತು.

ಮೊನ್ನೆ ರಾತ್ರಿ ಮತ್ತೆ ಡಬ್ಬದ ಸದ್ದು ಕೇಳಿಸಿತು. ಗಾಬರಿಯಿಂದ ಎದ್ದು ಓಡಿದೆ. ಬೆಳಗಿನ ಪುಂಡಿಗೆ ಅಕ್ಕಿ ನೆನೆಹಾಕಲು ಮರೆತಿದ್ದಳಂತೆ. "ಏನು, ಮದುವೆ ದಿನದ ಮಳೆ ನೆನಪಾಯಿತಾ?" ಎಂದಳು. ನಾನು ಅಕ್ಕಿ ತೊಳೆದುಕೊಟ್ಟೆ.