ಉಡುಗೊರೆಗೊಂದು ಸಿಂಗಲ್ ಮಾಲ್ಟ್

ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ ವಿಸ್ಕಿಗೆ ಸಿಂಗಲ್ ಮಾಲ್ಟ್ ಎಂದು ಹೆಸರು. ‘ಸಿಂಗಲ್’ ಎಂಬ ಮಾತು ಪೀಪಾಯಿಗೆ ಸಂಬಂಧಿಸಿದ್ದಲ್ಲ, ಡಿಸ್ಟಿಲರಿಗೆ ಸಂಬಂಧಿಸಿದ್ದು. ಒಂದೇ ಡಿಸ್ಟಿಲರಿಯ ಹತ್ತಾರು ಪೀಪಾಯಿಗಳನ್ನು ಕೂಡಿಸಿದರೂ ಅದು ಸಿಂಗಲ್ ಮಾಲ್ಟೇ. ಮಡಕಿ ಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಒಡೆಯುವಂತೆ ಬಾರ್ಲಿಯೂ ಮೊಳೆಯುತ್ತದೆ. ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ಆಗ ದಾರಿ ತೆರೆಯುತ್ತದೆ. ಆ ಹದದಲ್ಲಿ ಒಣಗಿಸಿ ನಿಲ್ಲಿಸಿದ ಬಾರ್ಲಿಯೇ ಮಾಲ್ಟ್. ನಮ್ಮಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲಿಗೆ ಆಧಾರ ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರ. ಯುರೋಪಿನ ಕಾನೂನು ಅಂಥದ್ದನ್ನು ವಿಸ್ಕಿ ಎಂದು ಕರೆಯಲು ಒಪ್ಪುವುದಿಲ್ಲ. ಸಿಂಗಲ್ ಮಾಲ್ಟಿನ ಬೆಲೆ ಹೆಚ್ಚಿರಲು ಈ ವ್ಯತ್ಯಾಸವೂ ಒಂದು ಕಾರಣ.

ಉಡುಗೊರೆಯ ಬಾಟಲಿ ಆರಿಸುವಾಗ ಮೊದಲು ತಿಳಿಯಬೇಕಾದದ್ದು ಬ್ರ್ಯಾಂಡನ್ನಲ್ಲ, ಪಡೆಯುವವರಿಗೆ ಹೊಗೆಯ ವಾಸನೆ ಸೇರುತ್ತದೆಯೇ ಇಲ್ಲವೇ ಎಂಬುದನ್ನು. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಪೀಟ್ ಎಂಬ ಜೌಗು ನೆಲದ ಮಣ್ಣನ್ನು ಕಡಿದು, ಒಣಗಿಸಿ, ಉರಿಸಿ, ಅದರ ಹೊಗೆಯಲ್ಲಿ ಮಾಲ್ಟನ್ನು ಒಣಗಿಸುವ ರೂಢಿ ಇದೆ. ಸಾವಿರಾರು ವರ್ಷ ಕೊಳೆತ ಸಸ್ಯಗಳಿಂದಾದ ಮಣ್ಣು ಅದು. ಲಫ್ರೋಯಿಗ್, ಅರ್ಡ್‌ಬೆಗ್, ಲಗವುಲಿನ್ ಹೆಸರಿನ ವಿಸ್ಕಿಗಳಲ್ಲಿ ಆ ಹೊಗೆ ಮೂಗಿಗೆ ರಾಚುತ್ತದೆ. ಕೆಲವರಿಗೆ ಅದು ಆಸ್ಪತ್ರೆಯ ಔಷಧದ ವಾಸನೆ, ಕೆಲವರಿಗೆ ಅದಿಲ್ಲದ ಮಾಲ್ಟ್ ಮಾಲ್ಟೇ ಅಲ್ಲ. ಸ್ಪೇಸೈಡ್ ಕಣಿವೆಯ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಇದಕ್ಕೆ ತೀರ ಬೇರೆ. ಅವುಗಳಲ್ಲಿ ಸೇಬು, ಪೇರು, ಜೇನಿನ ಮೆದು ಪರಿಮಳ. ಪಡೆಯುವವರ ಮನೆಯಲ್ಲಿ ಈಗಾಗಲೇ ಯಾವ ಬಾಟಲಿ ಇದೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಏನೂ ಗೊತ್ತಿಲ್ಲದಿದ್ದರೆ ಹೊಗೆಯಿಲ್ಲದ್ದನ್ನೇ ಕೊಳ್ಳುವುದು ಕ್ಷೇಮ.

ಎರಡನೆಯದು ಪೀಪಾಯಿ. ಬಟ್ಟಿಯಿಂದ ಇಳಿದ ಮದ್ಯಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವೂ ಪರಿಮಳದ ದೊಡ್ಡ ಪಾಲೂ ಮರದಿಂದ ಬರುವಂಥವು. ಅಮೆರಿಕದ ಬರ್ಬನ್ ತುಂಬಿಟ್ಟಿದ್ದ ಪೀಪಾಯಿ ವೆನಿಲಾ, ಕೊಬ್ಬರಿಯ ವಾಸನೆ ಕೊಡುತ್ತದೆ. ಸ್ಪೇನಿನ ಶೆರಿ ವೈನ್ ಇದ್ದ ಪೀಪಾಯಿ ಕೊಡುವ ಪರಿಮಳವನ್ನು ವಿವರಿಸಲು ಜಗತ್ತಿನ ರುಚಿಗಾರರೆಲ್ಲ ಬಳಸುವ ಮಾತು ಒಣದ್ರಾಕ್ಷಿ. ವಿಜಯಪುರ, ಟಿಕೋಟಾ, ಬಬಲೇಶ್ವರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಟಿಕೋಟಾ ಸೀಮೆಯ ಶೆಡ್ಡುಗಳಲ್ಲಿ, ಸಾಲು ಬಲೆಗಳ ಮೇಲೆ ಹರವಿದ ದ್ರಾಕ್ಷಿ ಎರಡು-ಮೂರು ವಾರ ನೆರಳಿನಲ್ಲೇ ಒಣಗುವಾಗ ಸುತ್ತ ಹರಡುವ ಸಿಹಿ ವಾಸನೆಗೆ ಹತ್ತಿರದ್ದೇ ಅದು. ಪೆದ್ರೊ ಹಿಮೆನೆಜ್ ಎಂಬ ಶೆರಿಗಂತೂ ದ್ರಾಕ್ಷಿಯನ್ನು ಕೊಯ್ದು, ಬಿಸಿಲಿಗೆ ಹರವಿ, ಬಾಡಿಸಿ, ಆಮೇಲೆಯೇ ರಸ ಹಿಂಡುತ್ತಾರೆ. ಚೀಟಿಯ ಮೇಲೆ ಶೆರಿ ಎಂಬ ಪದವಿದ್ದರೆ, ಸಿಹಿಯತ್ತ ಒಲವಿರುವವರಿಗೆ ಆ ಬಾಟಲಿ ಹೊಂದುತ್ತದೆ.

ಜನ ಹೆಚ್ಚು ಮೋಸ ಹೋಗುವುದು ವಯಸ್ಸಿನ ಅಂಕಿಯಲ್ಲಿ. 12, 15, 18 ಎಂದು ಚೀಟಿಯ ಮೇಲೆ ಕಾಣುವ ಸಂಖ್ಯೆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿ ಪೀಪಾಯಿಯಲ್ಲಿ ಕಳೆದ ವರ್ಷಗಳು. ಸ್ಕಾಚ್ ಎನಿಸಿಕೊಳ್ಳಲು ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಮಾಗಿರಬೇಕು. ಅಲ್ಲಿಯ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಮಾತ್ರ ಪೀಪಾಯಿಯಿಂದ ಆವಿಯಾಗುತ್ತದೆ. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಬೆಂಗಳೂರಿನ ಸೆಕೆಯಲ್ಲಿ ಆ ಪಾಲು ಶೇ 10ರಿಂದ 12. ಶೇ 10 ಎಂದೇ ಹಿಡಿದರೂ 8 ವರ್ಷದಲ್ಲಿ ಪೀಪಾಯಿಯ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋಗಿರುತ್ತದೆ. ಆದರೆ ಅದೇ ಸೆಕೆ ಮರದ ಸಾರವನ್ನು ಬೇಗ ಹೀರಿಸುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಸುಮಾರು ಒಂದು ಕಿಲೋಗೆ ಇಳಿಯುವುದನ್ನು, ಇಳಿದಷ್ಟೂ ಸಿಹಿ ಗಟ್ಟಿಯಾಗುವುದನ್ನು ಕಂಡವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಹೀಗಾಗಿ ನಾಲ್ಕೈದು ವರ್ಷದ ಕರ್ನಾಟಕದ ಮಾಲ್ಟನ್ನು 12 ವರ್ಷದ ಸ್ಕಾಚಿನ ಪಕ್ಕಕ್ಕಿಟ್ಟು ಎಳೆಯದು ಎಂದು ತಳ್ಳಿಹಾಕುವುದು ತಪ್ಪು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೃತ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆ ಅದು. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಸಿಂಗಲ್ ಮಾಲ್ಟ್ ಸಿದ್ಧವಾಯಿತು. ಅದನ್ನು ಅವರು ಮೊದಲು ಮಾರಿದ್ದು ಬೆಂಗಳೂರಿನಲ್ಲಲ್ಲ, ವಿಸ್ಕಿಯ ತವರಿನಲ್ಲೇ. 2004ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಭಾರತದ ಮೊದಲ ಸಿಂಗಲ್ ಮಾಲ್ಟ್ ಎಂದು ಹೆಸರಾಯಿತು. ವಿಮರ್ಶಕ ಜಿಮ್ ಮರ್ರೆ ತಮ್ಮ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಬರೆದರು. ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ ಒಂದು ಪಾಲು, ಭಾರತದ ಬಾರ್ಲಿ ಮೂರು ಪಾಲು ಸೇರಿ ಆದದ್ದು ಫ್ಯೂಷನ್. 2013ರಲ್ಲಿ 8 ವರ್ಷ ಮಾಗಿಸಿದ ಒಂದು ವಿಸ್ಕಿಗೆ ಆವಿಯ ನಷ್ಟವನ್ನೇ ನೆನೆದು ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟರು, ಆಸೆಬುರುಕ ದೇವದೂತರು ಎಂಬ ಅರ್ಥದಲ್ಲಿ. ಬೆಂಗಳೂರು ಮೂಲದ ಜಾನ್ ಡಿಸ್ಟಿಲರೀಸ್ 2012ರಲ್ಲಿ ಪಾಲ್ ಜಾನ್ ಮಾಲ್ಟನ್ನು ತಂದಿತು. ಅದರ ಡಿಸ್ಟಿಲರಿ ಇರುವುದು ಗೋವಾದಲ್ಲಿ.

ಚೀಟಿಯ ಮೇಲೆ ಓದಬೇಕಾದದ್ದು ಇನ್ನೂ ಇದೆ. ಮದ್ಯಸಾರದ ಪ್ರಮಾಣ ಸ್ಕಾಚಿಗೆ ಕನಿಷ್ಠ ಶೇ 40, ಭಾರತದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ 42.8. ಶೇ 46ರ ಮೇಲಿನದು ಮೈತುಂಬಿದ ರುಚಿಯದು. ಅದನ್ನು ಹೆಚ್ಚಾಗಿ ತಣ್ಣಗೆ ಸೋಸದೇ ತುಂಬಿರುತ್ತಾರೆ, ಐಸ್ ಹಾಕಿದರೆ ತುಸು ಮಬ್ಬಾಗಬಹುದು. ಅದು ದೋಷವಲ್ಲ. ಗಾಢ ಬಣ್ಣವನ್ನು ನಂಬಿ ಕೊಳ್ಳಬಾರದು, ಬಣ್ಣಕ್ಕೆ ಕ್ಯಾರಮೆಲ್ ಬೆರೆಸಲು ಸ್ಕಾಚಿನ ಕಾನೂನೇ ಅವಕಾಶ ಕೊಡುತ್ತದೆ.

ಮೊದಲ ಸಲ ಸಿಂಗಲ್ ಮಾಲ್ಟ್ ಸವಿಯುವವರಿಗೆ ಪಾಲ್ ಜಾನ್ ಬ್ರಿಲಿಯನ್ಸ್ ಅಥವಾ ಗ್ಲೆನ್‌ಫಿಡಿಕ್ 12 ಹಿತ. ರುಚಿ ಬಲಿತವರಿಗೆ ಶೇ 50ರ ಅಮೃತ್ ಫ್ಯೂಷನ್ ಕೊಡಬಹುದು. ಹೊರರಾಜ್ಯದವರಿಗೆ, ವಿದೇಶದ ಬಂಧುಗಳಿಗೆ ಕೊಡುವುದಾದರೆ ಕರ್ನಾಟಕದ್ದೇ ಕೊಡುವುದು ಸರಿ. ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬಾಟಲಿಯ ಕತೆಯೂ ಜೊತೆಗೆ ಹೋಗುತ್ತದೆ.

ಕೊಳ್ಳುವುದು ಪರವಾನಗಿ ಇರುವ ಅಂಗಡಿಯಲ್ಲೇ ಆಗಬೇಕು. ಮುಚ್ಚಳದ ಮೇಲೆ ಅಬಕಾರಿ ಚೀಟಿ ಹರಿಯದೆ ಇರಬೇಕು. ವಿದೇಶದಿಂದ ಬರುವವರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬಾಟಲಿಯನ್ನು ಕಾರಿನಲ್ಲಿ ಬಿಡಬಾರದು, ಕಿಟಕಿಯ ಬಿಸಿಲಿಗೂ ಇಡಬಾರದು. ವೈನಿನಂತೆ ಮಲಗಿಸಲೂಬಾರದು, ತೀಕ್ಷ್ಣ ಮದ್ಯ ಬಿರಡೆಯನ್ನು ತಿನ್ನುತ್ತದೆ. ನಿಲ್ಲಿಸಿಯೇ ಇಡಬೇಕು. ಬಾಟಲಿಗೆ ಇಳಿದ ಮೇಲೆ ವಿಸ್ಕಿ ಮಾಗುವುದಿಲ್ಲ. ಹತ್ತು ವರ್ಷ ಕಪಾಟಿನಲ್ಲಿಟ್ಟರೂ 12ರದ್ದು 12ರದ್ದೇ.

ಕೊಡುವ ರೀತಿಗೆ ವಿಜಯಪುರದ್ದೇ ಒಂದು ಹಳೆಯ ನಿದರ್ಶನವಿದೆ. 1604ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಜಧಾನಿಗೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಇಲ್ಲಿ ಮೊದಲ ಬಾರಿ ತಂಬಾಕು ಕಂಡ. ಬರೀ ಎಲೆಯನ್ನು ಒಯ್ಯಲಿಲ್ಲ. ರತ್ನ ಕೆತ್ತಿಸಿದ ಸೇದುಕೊಳವೆಯನ್ನೂ ಜೋಡಿಸಿ ಆಗ್ರಾದಲ್ಲಿ ಒಪ್ಪಿಸಿದ. ಬಾದಶಾಹ ಎರಡು-ಮೂರು ದಮ್ಮು ಎಳೆದ, ಅಷ್ಟರಲ್ಲಿ ಹಕೀಮರು ತಡೆದರು. ಹಾಗೆಯೇ ಬಾಟಲಿಯ ಜೊತೆ ಬಾಯಿ ಕಿರಿದಾದ ಎರಡು ಗ್ಲಾಸುಗಳನ್ನಿಟ್ಟರೆ ಉಡುಗೊರೆ ಪೂರ್ತಿಯಾಗುತ್ತದೆ. ಹಕೀಮರ ಮಾತೂ ನೆನಪಿರಲಿ. ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿರುವವರಿಗೆ, ಕಷ್ಟಪಟ್ಟು ಕುಡಿತ ಬಿಟ್ಟವರಿಗೆ, ಮದ್ಯ ಒಳಬಾರದ ಮನೆಗಳಿಗೆ ದಯವಿಟ್ಟು ಈ ಬಾಟಲಿ ಒಯ್ಯಬೇಡಿ. ಸಕ್ಕರೆ ಕಾಯಿಲೆಯವರನ್ನು ಬಿಟ್ಟು ಉಳಿದವರಿಗೆ ಟಿಕೋಟಾದ ಹೊಸ ಹಂಗಾಮಿನ ಒಣದ್ರಾಕ್ಷಿಯ ಡಬ್ಬಿ ಒಯ್ಯಿರಿ.