ಬಿಚ್ಚಿಕೊಳ್ಳದ ಕವಚ

"ಮಾಮ, ಫೇರಿಂಗ್ ಹಾಕಿದ್ರೆ ರಾಕೆಟ್ ಪಲ್ಟಿ ಹೊಡಿಯತ್ತೆ, ಹಾಕ್ದೇ ಇದ್ರೆ ಸ್ಯಾಟಲೈಟ್ ಸುಟ್ಟೋಗತ್ತೆ. ಏನ್ ಮಾಡ್ಲಿ?"

ಕೇಳಿದವನು ಬೆಂಗಳೂರಿನ ಬಸವೇಶ್ವರನಗರದಲ್ಲಿರುವ ನನ್ನ ಅಕ್ಕನ ಮಗ. ಪಿಯುಸಿ ರಜೆಯಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟದ ಹುಚ್ಚು ಹತ್ತಿಸಿಕೊಂಡಿದ್ದಾನೆ. ಮೆಕ್ಸಿಕೋದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಹೊರಬಿಟ್ಟ ಆಟ ಅದು. ಟ್ಯಾಂಕು, ಎಂಜಿನ್ನು, ರೆಕ್ಕೆಗಳನ್ನು ಒಂದರ ಮೇಲೊಂದು ಜೋಡಿಸಿ ರಾಕೆಟ್ ಕಟ್ಟಬೇಕು, ಹಾರಿಸಬೇಕು. ಭೌತಶಾಸ್ತ್ರ ಒಪ್ಪಿದರೆ ಮೇಲೆ ಹೋಗುತ್ತದೆ, ಇಲ್ಲವಾದರೆ ಬೆಂಕಿಯ ಉಂಡೆ. ಹುಡುಗನ ಪ್ರಶ್ನೆಯ ಎರಡು ತುದಿಗಳೂ ಸರಿಯಾಗಿಯೇ ಇವೆ. ಇಸ್ರೊದವರು ಹೀಟ್ ಶೀಲ್ಡ್ ಎಂದೂ, ನಮ್ಮ ಪತ್ರಿಕೆಗಳು ಶಾಖ ಕವಚ ಎಂದೂ ಕರೆಯುವ, ಉಪಗ್ರಹವನ್ನು ಮುಚ್ಚುವ ಫೇರಿಂಗ್ ಎಂಬ ಈ ಮೂತಿಯನ್ನು ಮಾಡುವವರಿಗೆ ದಿನವೂ ಕಾಡುವ ಇಕ್ಕಟ್ಟು ಅದು.

ಉಪಗ್ರಹಕ್ಕೆ ಗಾಳಿ ಎಂದರೇನೆಂದು ಗೊತ್ತಿಲ್ಲ. ಮಡಚಿಟ್ಟ ಸೌರ ಫಲಕ, ಚಿನ್ನದ ಬಣ್ಣದ ತೆಳು ಹಾಳೆ, ಆಂಟೆನಾ ಎಲ್ಲವೂ ನಿರ್ವಾತಕ್ಕೆಂದೇ ಮಾಡಿದವು. ಆದರೆ ನಿರ್ವಾತ ತಲುಪಬೇಕಾದರೆ ಮೊದಲು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಗಾಳಿಯ ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತಲೂ ಹೋಗುತ್ತದೆ. ಈ ಎರಡರ ಜಗ್ಗಾಟದಲ್ಲಿ ನೆಲದಿಂದ ಹತ್ತು ಹದಿನೈದು ಕಿಲೋಮೀಟರ್ ಮೇಲೆ ಒತ್ತಡ ತುತ್ತತುದಿ ಮುಟ್ಟುತ್ತದೆ. ಆಮೇಲೆ ವೇಗ ಇನ್ನೂ ಏರಿದಾಗ ಮೂತಿಯ ಮುಂದೆ ಒತ್ತಿಸಿಕೊಂಡ ಗಾಳಿ ಕಾಯುತ್ತದೆ. ಇದಕ್ಕೂ ಮೊದಲು, ನೆಲ ಬಿಡುವಾಗಲೇ, ಎಂಜಿನ್ನಿನ ಸದ್ದೊಂದೇ ಸಾಕು ಸೂಕ್ಷ್ಮ ಉಪಕರಣಗಳನ್ನು ನಡುಗಿಸಲು. ಹಾಗಾಗಿ ಕವಚದ ಒಳಗೋಡೆಗೆ ಸದ್ದು ಹೀರುವ ಹೊದಿಕೆಯನ್ನೂ ಹಾಸಿರುತ್ತಾರೆ.

ಇನ್ನು ಪಲ್ಟಿಯ ವಿಚಾರ. ಬಾಣದ ಹಿಂಬದಿಗೆ ಗರಿ ಕಟ್ಟುವುದು ಅಂದಕ್ಕಲ್ಲ. ಗಾಳಿಯ ಎಳೆತ ಬಾಣದ ಭಾರಕೇಂದ್ರಕ್ಕಿಂತ ಹಿಂದೆ ಬೀಳಲಿ ಎಂದು. ಸಪೂರ ರಾಕೆಟ್ಟಿನ ನೆತ್ತಿಯ ಮೇಲೆ ದಪ್ಪ ಕವಚ ಕೂರಿಸಿದರೆ ಲೆಕ್ಕ ತಿರುಗುಮುರುಗು: ಎಳೆತದ ಕೇಂದ್ರ ಮುಂದೆ ಬರುತ್ತದೆ, ಸ್ವಲ್ಪ ವಾಲಿದರೂ ಗಾಳಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಆಟದಲ್ಲಿ ಮದ್ದು ಸುಲಭ. ಬುಡಕ್ಕೆ ನಾಲ್ಕು ರೆಕ್ಕೆ ಅಂಟಿಸು, ಕವಚವನ್ನು ಉಪಗ್ರಹಕ್ಕೆ ಎಷ್ಟು ಬೇಕೋ ಅಷ್ಟೇ ಬಿಗಿಯಾಗಿ ಕಟ್ಟು, ದಟ್ಟ ಗಾಳಿಯಲ್ಲಿ ರಾಕೆಟ್ಟನ್ನು ಸರಕ್ಕನೆ ವಾಲಿಸಬೇಡ. ಹುಡುಗ ಕವಚವನ್ನು ಕಲ್ಯಾಣ ಮಂಟಪದಷ್ಟು ಅಗಲ ಮಾಡಿದ್ದ, ಒಳಗಿದ್ದ ಉಪಗ್ರಹವೋ ಅಂಗೈಯಗಲ.

ಆ ಆಟದಲ್ಲಿ ಕವಚ ಕಟ್ಟುವ ಬಗೆಯೇ ಚಂದ. ಸಿದ್ಧ ಅಳತೆಯ ಟೊಪ್ಪಿಗೆ ಕೊಡುವುದಿಲ್ಲ. ಒಂದು ತಟ್ಟೆ ಕೊಡುತ್ತಾರೆ, ಅಷ್ಟೇ. ಅದರ ಮೇಲೆ ಉಪಗ್ರಹ ಕೂರಿಸಿ, ಮೌಸ್ ಎಳೆದು ಗೋಡೆಯನ್ನು ಸುತ್ತಿನ ಮೇಲೆ ಸುತ್ತಾಗಿ ಎಬ್ಬಿಸುತ್ತಾ ಹೋಗಿ ಕೊನೆಗೆ ಮೂತಿ ಮುಚ್ಚಬೇಕು. ಗೋಡೆ ಹೆಚ್ಚಿದಷ್ಟೂ ತೂಕ. ಈ ಸೌಲಭ್ಯ ಬಂದದ್ದು 2015ರ ಏಪ್ರಿಲ್‌ನಲ್ಲಿ, ಆಟದ 1.0 ಆವೃತ್ತಿಯೊಡನೆ. ಅಲ್ಲಿಯವರೆಗೆ ಅದರ ವಾಯುವಿಜ್ಞಾನ ತಮಾಷೆಯಾಗಿತ್ತು: ಎಳೆತವನ್ನು ಆಕಾರದಿಂದಲ್ಲ, ತೂಕದಿಂದ ಲೆಕ್ಕ ಹಾಕುತ್ತಿದ್ದರು. ಚೂಪು ಮೂತಿ ಹಾಕಿದರೆ ಲಾಭವಿರಲಿ, ನಷ್ಟವೇ ಆಗುತ್ತಿತ್ತು!

ನಿಜವಾದ ರಾಕೆಟ್ಟಿಗೆ ಮೌಸ್ ಎಳೆದು ಅಳತೆ ಬದಲಿಸುವ ಸುಖವಿಲ್ಲ. ಇಸ್ರೊದ ಪಿಎಸ್‌ಎಲ್‌ವಿಯ ಮೊದಲ ಹಂತದ ವ್ಯಾಸ 2.8 ಮೀಟರ್, ಹೀಟ್ ಶೀಲ್ಡ್‌ನದು 3.2. ಅಂದರೆ ನಮ್ಮ ರಾಕೆಟ್ಟೂ ತಲೆದಪ್ಪವೇ. ಶಬ್ದದ ವೇಗ ದಾಟುವ ಹೊತ್ತಿನಲ್ಲಿ ಇಂಥ ದಪ್ಪ ತಲೆಯ ಹಿಂದೆ ಆಘಾತ ಅಲೆಗಳು ಹಿಂದೆ ಮುಂದೆ ಓಲಾಡಿ ಗೋಡೆಯನ್ನು ಬಡಿಯುತ್ತವೆ. ಆ ಬಡಿತವನ್ನು ಅಳೆಯಲು ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 1.2 ಮೀಟರ್ ಗಾಳಿ ಸುರಂಗವಿದೆ; ಇಸ್ರೊ ರಾಕೆಟ್ಟುಗಳ ಪುಟ್ಟ ಮಾದರಿಗಳು ಅಲ್ಲಿ ಗಾಳಿಗೆ ಮೈಯೊಡ್ಡುತ್ತವೆ. ಮುರುಗೇಶಪಾಳ್ಯದ ವಿಂಡ್ ಟನೆಲ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡವರಲ್ಲಿ ಎಷ್ಟು ಜನ ಆ ಹೆಸರಿನ ಬಗ್ಗೆ ಯೋಚಿಸಿದ್ದಾರೋ.

ಕವಚ ಹೊರುವುದು ಅರ್ಧ ಕೆಲಸ. ಅದನ್ನು ಕಳಚುವುದೇ ಕಷ್ಟದ ಅರ್ಧ, ಆಟ ಮುಚ್ಚಿಡುವುದೂ ಅದನ್ನೇ. ಕಕ್ಷೆಯವರೆಗೆ ಹೊತ್ತ ಪ್ರತಿ ಕಿಲೋ ಕವಚಕ್ಕೂ ಒಂದು ಕಿಲೋ ಉಪಗ್ರಹ ಬಿಟ್ಟುಕೊಡಬೇಕು. ಆದ್ದರಿಂದ ಗಾಳಿ ಸಾಕಷ್ಟು ತೆಳುವಾದ ಕೂಡಲೇ ಎಸೆಯಬೇಕು. ಸಾಕಷ್ಟು ಎಂದರೆ ಎಷ್ಟು? ಅಳಿದುಳಿದ ಗಾಳಿಯ ಕಣಗಳು ತಾಗಿ ಹುಟ್ಟುವ ಶಾಖ ಚದರ ಮೀಟರಿಗೆ 1,135 ವ್ಯಾಟ್‌ಗಿಂತ ಕೆಳಗಿಳಿಯಬೇಕು ಎಂಬುದು ರಾಕೆಟ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆರೆ. ಹೆಚ್ಚುಕಡಿಮೆ ಸುಡುಬಿಸಿಲಿನ ಶಾಖ. ಪಿಎಸ್‌ಎಲ್‌ವಿಗೆ ಆ ಕ್ಷಣ ಬರುವುದು ಹಾರಿದ ಮೂರೂವರೆ ನಿಮಿಷದ ಆಸುಪಾಸಿನಲ್ಲಿ, 110 ಕಿಲೋಮೀಟರ್ ದಾಟಿದ ಮೇಲೆ. ಆಟದ ಗ್ರಹ ಚಿಕ್ಕದು, ಅದರ ಗಾಳಿ 70 ಕಿಲೋಮೀಟರಿಗೇ ಮುಗಿಯುತ್ತದೆ. 50ರ ಹೊತ್ತಿಗೆ ಸ್ಪೇಸ್‌ಬಾರ್ ಒತ್ತಿದರೆ ಸಾಕು, ಕವಚ ಹೋಳಾಗಿ ಹಾರಿಹೋಗುತ್ತದೆ. ಪ್ರತಿ ಸಲವೂ.

ಶ್ರೀಹರಿಕೋಟದಲ್ಲಿ ಸ್ಪೇಸ್‌ಬಾರ್ ಇಲ್ಲ, ಪೈರೊ ಇದೆ, ಎಂದರೆ ಸಿಡಿಮದ್ದು. ಕಡಲೆಕಾಯಿ ಒತ್ತಿದರೆ ಸಿಪ್ಪೆ ಅಂಚಿನ ಗೆರೆಗುಂಟ ಎರಡಾಗುವಂತೆ, ಕವಚವೂ ಉದ್ದುದ್ದ ಗೆರೆಯಲ್ಲಿ ಸೀಳಿ ಎರಡು ಹೋಳಾಗಬೇಕು. ಬುಡದ ಸುತ್ತಿನಲ್ಲೂ ಅದೇ ಗಳಿಗೆಗೆ ಬಿಡುಗಡೆಯಾಗಬೇಕು. ಉದ್ದ ಗೆರೆಯೊಳಗೆ ಸಿಡಿಮದ್ದಿನ ಬತ್ತಿ ಇರುತ್ತದೆ. ಅದು ಸಿಡಿದಾಗ ಹುಟ್ಟಿದ ಅನಿಲ ಹೊರಬರದಂತೆ ಕೊಳವೆಯೊಳಗೇ ಉಬ್ಬಿ ರಿವೆಟ್ಟುಗಳನ್ನು ಕತ್ತರಿಸಿ ಹೋಳುಗಳನ್ನು ಆಚೆ ತಳ್ಳಬೇಕು. ಹೊಗೆಯೋ ಚೂರೋ ಉಪಗ್ರಹದ ಮೇಲೆ ಬೀಳಕೂಡದು, ಹೋಳು ಅದಕ್ಕೆ ತಾಗಕೂಡದು.

2017ರ ಆಗಸ್ಟ್ 31ರ ಸಂಜೆ 7 ಗಂಟೆಗೆ ಪಿಎಸ್‌ಎಲ್‌ವಿ-ಸಿ39 ಹಾರಿತು. ಒಳಗಿದ್ದದ್ದು 1,425 ಕಿಲೋ ತೂಕದ ಪಥದರ್ಶಕ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎಚ್. ಬೆಂಗಳೂರಿನ ಆಲ್ಫಾ ಡಿಸೈನ್ ನೇತೃತ್ವದ ಖಾಸಗಿ ಕಂಪನಿಗಳ ಕೂಟ ಇಸ್ರೊ ಜೊತೆಗೂಡಿ ಜೋಡಿಸಿದ ಉಪಗ್ರಹ ಅದು. 1993ರ ಮೊದಲ ಹಾರಾಟ ಬಿಟ್ಟರೆ ಪಿಎಸ್‌ಎಲ್‌ವಿ ಪೂರ್ತಿ ಸೋತದ್ದೇ ಇರಲಿಲ್ಲ. ಅಂದೂ ನಾಲ್ಕು ಹಂತಗಳೂ ಉರಿದವು, ಎಂಜಿನ್ನುಗಳದ್ದೇನೂ ತಪ್ಪಿಲ್ಲ. ಆದರೆ ಹೀಟ್ ಶೀಲ್ಡ್ ಬಿಚ್ಚಿಕೊಳ್ಳಲಿಲ್ಲ. ಸುಮಾರು ಒಂದು ಟನ್ ಹೆಚ್ಚುವರಿ ತೂಕ ಕೊನೆಯವರೆಗೂ ಅಂಟಿಕೊಂಡೇ ಹೋಯಿತು. ಹತ್ತಿರದ ತುದಿ 284, ದೂರದ ತುದಿ 20,650 ಕಿಲೋಮೀಟರ್ ಆಗಬೇಕಿದ್ದ ಕಕ್ಷೆಯಲ್ಲಿ ದೂರದ ತುದಿ 6,500ರ ಆಚೀಚೆಯಲ್ಲೇ ನಿಂತಿತು, ಹತ್ತಿರದ ತುದಿ 170 ಕಿಲೋಮೀಟರಿಗೂ ಕೆಳಗೆ ಕುಸಿಯಿತು. ಉಪಗ್ರಹ ರಾಕೆಟ್ಟಿನಿಂದ ಬೇರ್ಪಟ್ಟದ್ದೂ ಕವಚದ ಒಳಗೇ. ಅದು ಅಲ್ಲೇ ಸೆರೆಯಾಗಿದೆ ಎಂದು ಆಗ ಇಸ್ರೊ ಅಧ್ಯಕ್ಷರಾಗಿದ್ದ ಎ. ಎಸ್. ಕಿರಣ್ ಕುಮಾರ್ ತಿಳಿಸಿದರು. ತನಿಖೆಯಲ್ಲಿ ಹೊರಬಿದ್ದ ಕಾರಣ ಒಂದೇ ಸಾಲಿನದು: ಪೈರೊ ಭಾಗಗಳಲ್ಲಿ ಒಂದು ಕೆಲಸ ಮಾಡಿರಲಿಲ್ಲ. 2018ರ ಜನವರಿ 12ರಂದು ಪಿಎಸ್‌ಎಲ್‌ವಿ ಮತ್ತೆ ಹಾರಿತು, ಏಪ್ರಿಲ್‌ನಲ್ಲಿ ಬದಲಿ ಪಥದರ್ಶಕ ಉಪಗ್ರಹವೂ ಕಕ್ಷೆ ಸೇರಿತು.

ನಾಸಾಕ್ಕೆ ಇದೇ ಪೆಟ್ಟು ಎರಡು ಸಲ ಬಿದ್ದಿದೆ. 2009ರಲ್ಲಿ ಒಸಿಒ, 2011ರಲ್ಲಿ ಗ್ಲೋರಿ, ಎರಡೂ ಉಪಗ್ರಹಗಳು ಟಾರಸ್ ಎಕ್ಸ್‌ಎಲ್ ರಾಕೆಟ್ಟಿನ ಕವಚ ತೆರೆಯದೆ ಕಡಲು ಸೇರಿದವು. ಕವಚದ ಕೂಡುಗೆರೆಗೆ ಅಲ್ಯೂಮಿನಿಯಂ ಪೂರೈಸಿದ ಕಂಪನಿ ಪರೀಕ್ಷಾ ವರದಿಗಳನ್ನೇ ತಿದ್ದಿತ್ತು ಎಂದು 2019ರಲ್ಲಿ ನಾಸಾ ಹೇಳಿತು. ಮುರಿಯಬೇಕಾದ ಲೋಹ ಹೇಗೆ ಮುರಿಯುತ್ತದೆ ಎಂಬ ಕಾಗದವೇ ಸುಳ್ಳಾದರೆ ವಿನ್ಯಾಸಕಾರ ಮಾಡುವುದಾದರೂ ಏನು?

ಅಕ್ಕನ ಮನೆಯಿಂದ ಪೀಣ್ಯ ದೂರವೇನಿಲ್ಲ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಯು. ಆರ್. ರಾವ್ ಅವರ ತಂಡ ಕಟ್ಟಿದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಇವತ್ತು ರಾಕೆಟ್ಟು, ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರ್ಯಾಕ್ ಇರುವುದೂ ಅಲ್ಲೇ. ಇಂಥ ನೆರೆಯಲ್ಲಿ ಬೆಳೆದ ಹುಡುಗನಿಗೆ ನಾನು ಕೊಟ್ಟ ಹೋಂವರ್ಕ್ ಸಿ39 ಮೇಲೆಯೇ. ಕಕ್ಷೆ ಮುಟ್ಟುವ ರಾಕೆಟ್ ಒಂದನ್ನು ಕಟ್ಟಿಕೊಂಡು ಒಮ್ಮೆ ಮಾಮೂಲಾಗಿ ಹಾರಿಸು, ದೂರದ ತುದಿ ಬರೆದಿಟ್ಟುಕೋ. ಆಮೇಲೆ ಹಂತಗಳ ಪಟ್ಟಿಯಲ್ಲಿ ಫೇರಿಂಗ್‌ನ ಸರದಿ ಬರದಂತೆ ಮಾಡಿ, ಉಳಿದದ್ದೆಲ್ಲ ಹಾಗೇ ಇಟ್ಟು ಮತ್ತೆ ಹಾರಿಸು. ಮೇಲೆ ಹೋದ ಮೇಲೆ ಸೌರ ಫಲಕ ಬಿಚ್ಚಲು ಹೋದರೆ ಆಟ ಒಪ್ಪುವುದಿಲ್ಲ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನೂ ಬರೆದುಕೋ.