ಮರೆವಿನ ಕಾಯಿಲೆಗೆ ಹಾಡಿನ ಆಸರೆ

“ಅರವತ್ತಕ್ಕೆ ಅರಳು ಮರಳು” ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಗಾದೆ. ಈ ಗಾದೆಯನ್ನು ನಂಬಿ ಎಷ್ಟೋ ಮನೆಗಳಲ್ಲಿ ಒಂದು ರೋಗವನ್ನು ರೋಗವೆಂದೇ ಗಣಿಸದೆ ಬಿಟ್ಟಿದ್ದೇವೆ. ಅಜ್ಜ ಊಟ ಮುಗಿಸಿ ಅರ್ಧ ಗಂಟೆಯಾಗುವುದರೊಳಗೆ “ನನಗೆ ಯಾರೂ ಅನ್ನ ಹಾಕಲಿಲ್ಲ” ಎಂದು ದೂರುತ್ತಾರೆ. ಅಜ್ಜಿ ಸಂಜೆಯಾಗುತ್ತಲೇ ಬಟ್ಟೆ ಗಂಟು ಕಟ್ಟಿಕೊಂಡು “ಊರಿಗೆ ಹೋಗಬೇಕು, ಬಾಗಿಲು ತೆಗೆಯಿರಿ” ಎನ್ನುತ್ತಾರೆ. ಮನೆಯವರು ಮೊದಲು ನಗುತ್ತಾರೆ, ತರುವಾಯ ಬೇಸರಪಡುತ್ತಾರೆ, ಕೊನೆಗೆ ಗದರುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ.

ಆದರೆ ವೃದ್ಧಾಪ್ಯವೇ ಬೇರೆ, ಈ ಮರೆವೇ ಬೇರೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಕನ್ನಡಕವಿರುವುದು ಏತಕ್ಕೆಂಬುದನ್ನೇ ಮರೆಯುವುದು ವ್ಯಾಧಿ. ವೈದ್ಯರು ಇದನ್ನು ಡಿಮೆನ್ಶಿಯ ಎಂದು ಕರೆಯುತ್ತಾರೆ. ಅದು ಮೆದುಳಿನ ಹಲವು ವ್ಯಾಧಿಗಳಿಂದ ಉಂಟಾಗುವ ಸ್ಥಿತಿಯೊಂದರ ಒಟ್ಟು ಹೆಸರು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ. 1906ರಲ್ಲಿ ಅದನ್ನು ಮೊದಲು ವರ್ಣಿಸಿದ ಜರ್ಮನ್ ವೈದ್ಯನ ಹೆಸರೇ ಅದಕ್ಕೆ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಮಂದಿ ಡಿಮೆನ್ಶಿಯದಿಂದ ಬಳಲುತ್ತಿದ್ದರು. ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಆದುದರಿಂದ ಮೊದಲು ಮಾಡತಕ್ಕ ಕೆಲಸ ವೈದ್ಯರಲ್ಲಿಗೆ ಕರೆದೊಯ್ಯುವುದು. ಥೈರಾಯ್ಡಿನ ಕೊರತೆ, ಬಿ-12 ಜೀವಸತ್ವದ ಅಭಾವ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಅಡ್ಡ ಪರಿಣಾಮ, ಇವುಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಆಲ್ಝೈಮರ್ ರೋಗವನ್ನು ಬೇರುಸಹಿತ ಕೀಳುವ ಮದ್ದು ಮಾತ್ರ ಇನ್ನೂ ದೊರೆತಿಲ್ಲ. ಹಾಗೆಂದು ಮನೆಯವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಅವರ ಕೈಯಲ್ಲಿ ಖರ್ಚಿಲ್ಲದ ಸಾಧನವೊಂದಿದೆ. ಅದೇ ಹಾಡು.

ಹಾಡು ಉಳಿಯುವುದೇಕೆ?

ಮಗನ ಹೆಸರನ್ನು ಮರೆತ ತಾಯಿ, ಯಾರಾದರೂ ದೇವರನಾಮವೊಂದನ್ನು ಎತ್ತಿಕೊಟ್ಟರೆ ಕೊನೆಯ ನುಡಿಯವರೆಗೂ ತಪ್ಪಿಲ್ಲದೆ ಹಾಡುವುದುಂಟು. ಇದನ್ನು ಕಂಡವರು ದೈವಲೀಲೆ ಎನ್ನುತ್ತಾರೆ. ಶಾಸ್ತ್ರಜ್ಞರು ಇದಕ್ಕೆ ಕಾರಣವನ್ನು ಹುಡುಕಿದ್ದಾರೆ. ನೆನಪೆಂಬುದು ಮೆದುಳಿನಲ್ಲಿ ಒಂದೇ ಕಡೆ ಇರುವ ವಸ್ತುವಲ್ಲ. ನಿನ್ನೆ ಯಾರು ಬಂದರು, ಇಂದು ಏನು ತಿಂದೆ ಎಂಬ ನೆನಪು ಒಂದೆಡೆ. ಬಹುಕಾಲದ ಅಭ್ಯಾಸದಿಂದ ಮೈಗೂಡಿದ ನೆನಪು ಇನ್ನೊಂದೆಡೆ. ಹೋಟೆಲು ವ್ಯವಸಾಯದಲ್ಲಿರುವವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಲೆಕ್ಕ ಮರೆತ ಮುದುಕನ ಕೈ ದೋಸೆ ಹೊಯ್ಯುವುದನ್ನು ಅಷ್ಟು ಬೇಗ ಮರೆಯದು. ಆಲ್ಝೈಮರ್ ರೋಗ ಮೊದಲು ಸುಡುವುದು ಹೊಸ ನೆನಪಿನ ಉಗ್ರಾಣವನ್ನು. ಬಹುಕಾಲದಿಂದ ಪರಿಚಿತವಾದ ಸಂಗೀತದ ನೆನಪನ್ನು ಹೊತ್ತಿರುವ ಮೆದುಳಿನ ಭಾಗಗಳು ಇತರ ಭಾಗಗಳಿಗಿಂತ ಕಡಿಮೆ ಹಾನಿಗೊಳ್ಳುತ್ತವೆಂಬುದನ್ನು 2015ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದ ಸಂಶೋಧಕರು ತೋರಿಸಿಕೊಟ್ಟರು.

ಇತರ ದೇಶಗಳಲ್ಲಿ ಇದನ್ನು ಆಧರಿಸಿ ಕೆಲಸ ನಡೆದಿದೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಇಂಥ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಒಟ್ಟುಗೂಡಿ ಹಾಡುವ ಮೇಳಗಳು ಆರಂಭವಾದವು. ಫಿನ್ಲೆಂಡಿನಲ್ಲಿ 89 ಜೋಡಿಗಳನ್ನು, ಎಂದರೆ ಒಬ್ಬ ರೋಗಿ ಮತ್ತು ಅವರನ್ನು ನೋಡಿಕೊಳ್ಳುವ ಒಬ್ಬರನ್ನು, ಮೂರು ಗುಂಪು ಮಾಡಿ ಪರೀಕ್ಷಿಸಿದರು. ಹತ್ತು ವಾರ ಒಂದು ಗುಂಪು ಹಾಡಿತು, ಇನ್ನೊಂದು ಹಾಡು ಕೇಳಿತು, ಮೂರನೆಯದು ಎಂದಿನಂತೆ ಇತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಡಿದವರ ಮತ್ತು ಕೇಳಿದವರ ಮನಃಸ್ಥಿತಿ ಮೂರನೆಯ ಗುಂಪಿನವರಿಗಿಂತ ಉತ್ತಮಗೊಂಡಿತು. ಇನ್ನೊಂದು ವಿಷಯ ಗಮನಾರ್ಹ: ಹಾಡಿದ ಗುಂಪಿನಲ್ಲಿ ಶುಶ್ರೂಷೆ ಮಾಡುವವರ ಮನಸ್ಸಿನ ಭಾರವೂ ಇಳಿಯಿತು. ಹಗಲಿರುಳು ಅತ್ತೆಯ ಹಿಂದೆ ಓಡಾಡುವ ಸೊಸೆಯ ಕಷ್ಟವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಇಷ್ಟಾದರೂ ಹಾಡಿಗೆ ಇಲ್ಲದ ಶಕ್ತಿಯನ್ನು ಆರೋಪಿಸಬಾರದು. 15 ದೇಶಗಳ 1,720 ಮಂದಿಯನ್ನು ಒಳಗೊಂಡ 30 ಪರೀಕ್ಷೆಗಳನ್ನು ಒಟ್ಟಿಗೆ ತೂಗಿನೋಡಿದ ವಿಮರ್ಶೆಯೊಂದು 2025ರಲ್ಲಿ ಹೊರಬಂದಿದೆ. ಸಂಗೀತದಿಂದ ಖಿನ್ನತೆ ತಗ್ಗುವುದು ಬಹುಮಟ್ಟಿಗೆ ದಿಟ. ವರ್ತನೆಯ ತೊಡಕುಗಳೂ ಸ್ವಲ್ಪ ಇಳಿಯಬಹುದು. ಆದರೆ ಬುದ್ಧಿಶಕ್ತಿಯನ್ನು ಅದು ಮರಳಿ ತಂದುಕೊಡುವುದಿಲ್ಲ. ನಿಲ್ಲಿಸಿದ ಮೇಲೆ ಅದರ ಫಲ ಉಳಿಯುವುದೆಂಬ ಭರವಸೆಯೂ ಇಲ್ಲ. ಸಹಜವೇ ಸರಿ. ಇಂದಿನ ಊಟ ನಾಳೆಯ ಹಸಿವಿಗೆ ಆಗುವುದಿಲ್ಲವಷ್ಟೆ! ಹಾಡನ್ನು ಮಾತ್ರೆಯಂತೆ ತಿಳಿಯದೆ ನಿತ್ಯದ ಊಟದಂತೆ ತಿಳಿದರೆ ನಿರಾಶೆಗೆ ಎಡೆಯಿಲ್ಲ.

ಹೊರನಾಡಿನ ಮನೆಯ ಕಷ್ಟ

ಯಾವ ಹಾಡು? ನಮ್ಮಂಥ ಹೊರನಾಡ ಕನ್ನಡಿಗರಿಗೆ ಮುಖ್ಯವಾದ ಪ್ರಶ್ನೆ ಇದೇ. ಮನುಷ್ಯನ ಮನಸ್ಸಿನಲ್ಲಿ ಅತ್ಯಂತ ಆಳವಾಗಿ ನಾಟಿಕೊಳ್ಳುವುದು ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ ಹಾಡುಗಳು. ಇಂದು 80ರ ಆಸುಪಾಸಿನಲ್ಲಿರುವವರಿಗೆ ಅದು 1955ರಿಂದ 1975ರವರೆಗಿನ ಕಾಲ. ಆ ಕಾಲದಲ್ಲಿ ಅವರು ಎಲ್ಲಿದ್ದರು, ಏನು ಕೇಳಿದರು ಎಂಬುದನ್ನು ಮೊಮ್ಮಕ್ಕಳು ಬಲ್ಲರೇ? ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಹುಟ್ಟಿ ಬೆಳೆದ ಹುಡುಗನಿಗೆ ಅಜ್ಜಿಯ ಬೀಸುವ ಕಲ್ಲಿನ ಪದ ಗೊತ್ತಿರುವ ಸಂಭವ ಕಡಿಮೆ. ಅರ್ಧ ಶತಮಾನ ಗಿರಾಕಿಗಳೊಡನೆ ಮರಾಠಿ, ಹಿಂದಿಗಳಲ್ಲಿ ಲೀಲಾಜಾಲವಾಗಿ ವ್ಯವಹರಿಸಿದ ಹಿರಿಯರಲ್ಲಿ ಹಲವರು ಈ ರೋಗ ಬಂದಮೇಲೆ ಕ್ರಮೇಣ ಬಾಲ್ಯದ ನುಡಿಗೇ ಮರಳುತ್ತಾರೆ. ಅಜ್ಜ ತುಳುವಿನಲ್ಲಿ ನೀರು ಕೇಳುತ್ತಾರೆ. ಮೊಮ್ಮಗನಿಗೆ ಅದು ತಿಳಿಯುವುದಿಲ್ಲ. ಒಂದೇ ಸೂರಿನಡಿಯಲ್ಲಿ ಇಬ್ಬರೂ ಪರಕೀಯರಾಗುತ್ತಾರೆ.

ಆದಕಾರಣ ಒಂದು ನೋಟುಪುಸ್ತಕ ಬೇಕು. ಹಿರಿಯರು ಇನ್ನೂ ನೆಟ್ಟಗೆ ಮಾತನಾಡುತ್ತಿರುವಾಗಲೇ ಅವರ ಪಕ್ಕದಲ್ಲಿ ಕುಳಿತು ಅವರ ಹಾಡುಗಳ ಪಟ್ಟಿಯನ್ನು ಬರೆದುಕೊಳ್ಳಬೇಕು. ದಕ್ಷಿಣ ಕನ್ನಡದವರಿಗೆ ಯಕ್ಷಗಾನದ ಪದ್ಯ, ಪಾಡ್ದನ, ಭಜನೆ; ಉತ್ತರ ಕರ್ನಾಟಕದವರಿಗೆ ಗೀಗೀ ಪದ, ಶಿಶುನಾಳ ಶರೀಫರ ತತ್ತ್ವಪದ; ಹಳೆ ಮೈಸೂರಿನವರಿಗೆ ದಾಸರ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು. ಪಿ. ಕಾಳಿಂಗರಾಯರ ಭಾವಗೀತೆಗಳಿಗೆ ಮನಸೋತವರು ಇದ್ದಾರು. 1954ರ “ಬೇಡರ ಕಣ್ಣಪ್ಪ”ದಿಂದ ರಾಜಕುಮಾರರ ಚಿತ್ರಗಳನ್ನು ಬಿಡದೆ ನೋಡಿ ಪಿ.ಬಿ. ಶ್ರೀನಿವಾಸರ ಕಂಠವನ್ನು ಮೆಚ್ಚಿದವರು ಇದ್ದಾರು. ಇಲ್ಲಿ ಭಾಷಾಭಿಮಾನ ಅಡ್ಡ ಬರಬಾರದು. ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಸಿಲೋನ್ ರೇಡಿಯೋದ ಬಿನಾಕಾ ಗೀತಮಾಲಾ ಕೇಳುತ್ತ ಬೆಳೆದ ಹಿರಿಯರ ಹಾಡು ಹಿಂದಿಯದೇ ಆಗಿದ್ದರೆ ಅದನ್ನೇ ಬರೆದುಕೊಳ್ಳತಕ್ಕದ್ದು. ನಮಗೆ ಪ್ರಿಯವಾದುದಲ್ಲ, ಅವರಿಗೆ ಪ್ರಿಯವಾದುದು ಮುಖ್ಯ.

ನಡೆಸುವ ಬಗೆ

ಮೊದಲನೆಯದಾಗಿ, ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಟಿ.ವಿ. ಆರಿಸಿ, ಎದುರಿಗೆ ಕುಳಿತು, ಮೆಲ್ಲಗೆ ಹಾಡಬೇಕು. ಸ್ವರ ಚೆನ್ನಾಗಿಲ್ಲವೆಂಬ ಸಂಕೋಚ ಬೇಡ; ಮೊಬೈಲಿನಿಂದ ಬರುವ ಹಾಡಿಗಿಂತ ಪರಿಚಿತ ಮುಖದಿಂದ ಬರುವ ಹಾಡು ಹೆಚ್ಚಿನದು. ಮೊಬೈಲನ್ನೇ ಬಳಸುವುದಾದರೆ ನಡುವೆ ಜಾಹೀರಾತು ಬಾರದಂತೆ ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳಿತು. ಹಾಡಿನ ಮಧ್ಯೆ ಅಪರಿಚಿತ ಧ್ವನಿಯೊಂದು ಕೂಗಿದರೆ ಅವರು ಗಾಬರಿಗೊಳ್ಳುತ್ತಾರೆ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು.

ಎರಡನೆಯದಾಗಿ, ಪರೀಕ್ಷೆ ಮಾಡಬಾರದು. “ಇದು ಯಾರ ಹಾಡು ಹೇಳಿ ನೋಡೋಣ”, “ನಾನು ಯಾರು ಹೇಳಿ” ಎಂದು ಕೇಳಿ ಅವರನ್ನು ನಾಚಿಸುವುದು ತರವಲ್ಲ. ಪದ ಮರೆತರೆ ಗುನುಗಲಿ. ಗುನುಗಲಾರದಿದ್ದರೆ ತಾಳ ಹಾಕಲಿ. ಕೈಗೆ ಒಂದು ಜೊತೆ ತಾಳ ಕೊಟ್ಟರೆ ಎಷ್ಟೋ ಸಲ ಕೈಯೇ ಮುಂದಿನದನ್ನು ನಡೆಸಿಕೊಳ್ಳುತ್ತದೆ.

ಮೂರನೆಯದಾಗಿ, ಕಷ್ಟದ ಹೊತ್ತಿಗೆ ಹಾಡನ್ನು ಜೋಡಿಸಬೇಕು. ಸ್ನಾನಕ್ಕೆ ಒಪ್ಪದವರಿಗೆ ಸ್ನಾನದ ಹೊತ್ತಿನ ಒಂದು ಹಾಡು. ಸಂಜೆ ಊರಿಗೆ ಹೊರಡುವೆನೆಂದು ಹಟ ಹಿಡಿಯುವವರಿಗೆ ದೀಪ ಹಚ್ಚುವ ಹೊತ್ತಿನ ಒಂದು ಭಜನೆ. ಯಾವುದಾದರೂ ಹಾಡಿಗೆ ಕಣ್ಣೀರು ಬಂದರೆ ಹೆದರಬೇಕಾಗಿಲ್ಲ, ಪಕ್ಕದಲ್ಲಿ ಕುಳಿತು ಕೈ ಹಿಡಿದರಾಯಿತು. ಮುಖ ಬಾಡಿ ಮೈ ಬಿಗಿಯುವಂತಿದ್ದರೆ ಮಾತ್ರ ಆ ಹಾಡನ್ನು ಪಟ್ಟಿಯಿಂದ ತೆಗೆಯತಕ್ಕದ್ದು.

ಸಂಘಗಳಿಗೊಂದು ಮಾತು

ನಮ್ಮ ಸಂಘಗಳು, ಭಜನಾ ಮಂಡಳಿಗಳು ಈ ಕಾರ್ಯದಲ್ಲಿ ಮಾಡಬಹುದಾದುದು ಬಹಳವಿದೆ. ವಾರ್ಷಿಕೋತ್ಸವಕ್ಕೆ ಹಾರ ತುರಾಯಿ ತರಿಸುವ ಉತ್ಸಾಹದಲ್ಲಿ ಕಾಲು ಭಾಗ ಸಾಕು. ವಾರಕ್ಕೊಂದು ದಿನ ಅಪರಾಹ್ನ ಒಂದು ಗಂಟೆ ಸಂಘದ ಕೋಣೆ ತೆರೆದು, ಮರೆವಿನ ಹಿರಿಯರನ್ನೂ ಅವರ ಮನೆಯವರನ್ನೂ ಕರೆದು, ಹಳೆಯ ಹಾಡುಗಳನ್ನು ಕೂಡಿ ಹಾಡಿದರೆ ಮತ್ತೇನೂ ಬೇಡ. ಹಾರ್ಮೋನಿಯಂ ಬಲ್ಲವರು ಒಬ್ಬರು, ಕಾಫಿ ಕಾಸುವವರು ಒಬ್ಬರು, ಇಷ್ಟೇ ಬಂಡವಾಳ. ಅಲ್ಲಿಗೆ ಬಂದ ಸೊಸೆಯೋ ಮಗಳೋ ತನ್ನಂಥವರು ಇನ್ನೂ ನಾಲ್ವರಿದ್ದಾರೆಂದು ತಿಳಿಯುವುದೇ ಒಂದು ಔಷಧ.

ವೈದ್ಯಸಹಾಯಕ್ಕೂ ದಾರಿಯುಂಟು. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಭಾರತೀಯ ಆಲ್ಝೈಮರ್ ಸಂಸ್ಥೆಗೆ ಹಲವು ನಗರಗಳಲ್ಲಿ ಶಾಖೆಗಳಿವೆ. ಹಿರಿಯ ನಾಗರಿಕರಿಗಾಗಿ ಸರಕಾರ ನಡೆಸುವ 14567 ಎಂಬ ದೂರವಾಣಿಗೆ ಶುಲ್ಕವಿಲ್ಲ.

ಊರಿನಿಂದ ಬರಿಗೈಯಲ್ಲಿ ಬಂದ ಆ ತಲೆಮಾರಿನವರು ತಂದ ಆಸ್ತಿಯೆಂದರೆ ನಾಲ್ಕು ಹಾಡುಗಳು. ಅವರೇ ಅವನ್ನು ಹೇಳಬಲ್ಲ ದಿನಗಳು ಇನ್ನೂ ಕೆಲವು ಉಳಿದಿವೆ. ವಾಚಕರು ಈ ಭಾನುವಾರವೇ ನೋಟುಪುಸ್ತಕ ತೆರೆಯಬೇಕೆಂದು ನಮ್ಮ ಕಳಕಳಿಯ ವಿನಂತಿ.